ಡಾಕ್ಟರನ್ನು ಕೇಳದೆ ಹೇಳಿದ ಮಾತು

೧೪ ಜೂನ್, ಭಾನುವಾರ

ನನ್ನ ಗುಬ್ಬಿ,

ಹೊಸ ಮಾತ್ರೆ ಹೊಟ್ಟೆಗೆ ಒಗ್ಗಿತೇ? ಫೋನಿನಲ್ಲೇ ಕೇಳಬಹುದಿತ್ತು, ನಿಜ. ಆದರೆ ಫೋನಿನಲ್ಲಿ ನೀನು ‘ಹೇಳಮ್ಮ’ ಎನ್ನುತ್ತೀಯ, ನಾನು ‘ಊಟ ಆಯ್ತಾ’ ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಇದಕ್ಕೆ ಕಾಗದವೇ ಬೇಕು. ಕೂತು ಓದು.

ಕಳೆದ ತಿಂಗಳು ನಿನ್ನ ಕನ್ನಡಕದ ಅಂಗಡಿಯ ಯಜಮಾನಿ ಫೋನ್ ಮಾಡಿ, ನೀನು ಗಿರಾಕಿಯ ಮುಂದೆಯೇ ಕುಸಿದು ಬಿದ್ದೆ ಎಂದಾಗ ನನ್ನ ಬಾಯಿಂದ ಮೊದಲು ಬಂದದ್ದೇನು ಗೊತ್ತೇ? ‘ಮುಟ್ಟಿನ ನೋವು ಅಷ್ಟೇ, ಸ್ವಲ್ಪ ಹೊತ್ತು ಮಲಗಿದ್ರೆ ಸರಿಹೋಗ್ತಾಳೆ.’ ಆಕೆ, ‘ಅವಳು ನೆಲದ ಮೇಲೆ ಮುದುಡ್ಕೊಂಡಿದ್ದಾಳೆ. ಕಚ್ಚಿ ಕಚ್ಚಿ ತುಟೀಲಿ ರಕ್ತ ಬರ್ತಿದೆ. ನೀವು ಬರ್ತೀರೋ, ನಾನೇ ಆಸ್ಪತ್ರೆಗೆ ಕರ್ಕೊಂಡು ಹೋಗ್ಲೋ?’ ಎಂದರು. ಹೊರಗಿನವರೊಬ್ಬರು ಹೀಗೆ ಕೇಳಬೇಕಾಯಿತು. ಮಷಿನ್ ಮೇಲೆ ಅರ್ಧ ಹೊಲಿದ ಕಾಲರನ್ನು ಹಾಗೇ ಬಿಟ್ಟು ಬಸ್ಸು ಹತ್ತಿದೆ.

ಆಸ್ಪತ್ರೆಯಲ್ಲಿ ಆ ಡಾಕ್ಟರಮ್ಮ ಅವಸರ ಮಾಡಲಿಲ್ಲ. ಎಷ್ಟು ದಿನ, ಎಲ್ಲೆಲ್ಲಿ, ವಾಂತಿ ಆಗುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಯಾರಾದರೂ ಕೇಳಲಿ ಎಂದು ಹತ್ತು ವರ್ಷದಿಂದ ಕಾದಿದ್ದವಳ ಹಾಗೆ ನೀನು ಪಟಪಟನೆ ಹೇಳುತ್ತಿದ್ದೆ. ಅದರಲ್ಲಿ ಅರ್ಧ ನಾನು ಮೊದಲ ಸಲ ಕೇಳಿದ್ದು. ಬಸ್ಸಿನಲ್ಲಿ ಜಾಗವಿದ್ದರೂ ಕೂರಲಾರದೆ ನಿಂತೇ ಬರುತ್ತಿದ್ದೆಯಂತೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ರಟ್ಟು ಹಾಸಿಕೊಂಡು ಮಲಗುತ್ತಿದ್ದೆಯಂತೆ.

‘ಮೊದ್ಲು ಯಾವತ್ತಾದ್ರೂ ಡಾಕ್ಟರಿಗೆ ತೋರ್ಸಿದ್ರಾ?’ ಎಂದರು ಅವರು. ನೀನು ನನ್ನ ಕಡೆ ತಿರುಗಿ, ‘ನಂಗೆ ಹದಿನಾಲ್ಕಾಗಿದ್ದಾಗ ಅಮ್ಮ ಕೇಳ್ಕೊಂಡು ಬಂದಿದ್ರು. ಏನೂ ಇಲ್ಲ ಅಂದಿದ್ರಂತೆ’ ಎಂದೆ. ಅವರು ಅದನ್ನು ಬರೆದುಕೊಂಡರು.

ಗುಬ್ಬಿ, ನಾನು ಯಾವ ಡಾಕ್ಟರನ್ನೂ ಕೇಳಿರಲಿಲ್ಲ.

ನಿನ್ನ ಡ್ರಿಲ್ ಟೀಚರ್ ನನ್ನನ್ನು ಶಾಲೆಗೆ ಕರೆಸಿ, ‘ಇದು ಮಾಮೂಲಿ ನೋವಲ್ಲ ಅನ್ಸತ್ತೆ, ಒಂದ್ಸಲ ತೋರ್ಸಿಬಿಡಿ’ ಎಂದಿದ್ದರು. ಮಾರನೆಯ ದಿನ ನೀನು ಏಳಲಾಗದೆ ಮಲಗಿದ್ದೆ; ನಾನೊಬ್ಬಳೇ ಆಸ್ಪತ್ರೆಯ ಗೇಟಿನವರೆಗೂ ಹೋದೆ. ಒಳಗೆ ನಮ್ಮ ಬೀದಿಯ ಇಬ್ಬರು ಕೂತಿದ್ದರು. ನಿನ್ನ ದೊಡ್ಡಮ್ಮ ನೆನಪಾದಳು. ಅವಳೂ ವಯಸ್ಸಿನಲ್ಲಿ ಹೀಗೇ ಒದ್ದಾಡುತ್ತಿದ್ದಳು. ಆಸ್ಪತ್ರೆಗೆ ಹೋಗಿ ಬಂದದ್ದೇ ತಡ, ‘ಅವಳಿಗೆ ಮಕ್ಕಳಾಗಲ್ವಂತೆ’ ಎಂದು ಯಾರೋ ಹಬ್ಬಿಸಿದರು, ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ನಿನಗೂ ಅದೇ ಹಣೆಪಟ್ಟಿ ಅಂಟುತ್ತದೆಂದು ಹೆದರಿ ಗೇಟಿನಿಂದಲೇ ವಾಪಸ್ಸು ಬಂದೆ.

ನೀನು ಹಾಸಿಗೆಯಿಂದ ತಲೆಯೆತ್ತಿ ‘ಏನಂದ್ರಮ್ಮ?’ ಎಂದು ಕೇಳಿದೆ. ‘ಏನೂ ಇಲ್ವಂತೆ. ತಡ್ಕೋಬೇಕಂತೆ’ ಎಂದುಬಿಟ್ಟೆ. ಅವತ್ತಿನಿಂದ ನೀನು ಅಳುವುದನ್ನು ನಿಲ್ಲಿಸಿದೆ. ನೋವು ಕಡಿಮೆಯಾಗಿದೆ ಅಂದುಕೊಂಡೆ. ಇಲ್ಲ, ಹಾಗಂದುಕೊಂಡೆ ಎನ್ನುವುದೂ ಸುಳ್ಳೇ. ನನಗೆ ಗೊತ್ತಿತ್ತು.

ಸ್ಕ್ಯಾನ್ ಆದ ಮೇಲೆ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರಲ್ಲ, ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದಿದೆ, ಎಡಗಡೆ ಅಂಡಾಶಯದಲ್ಲಿ ಗಂಟಾಗಿದೆ ಎಂದು. ಆ ಕಾಯಿಲೆಯ ಹೆಸರಿಗೆ ನನ್ನ ನಾಲಗೆ ಇನ್ನೂ ಹೊರಳುವುದಿಲ್ಲ. ಅದನ್ನು ಕೇಳಿ ನೀನು ಅತ್ತುಬಿಟ್ಟೆ. ನರ್ಸ್ ನಿನ್ನ ಬೆನ್ನು ಸವರಿ ‘ಹೆದರ್ಕೋಬೇಡ’ ಎಂದಳು. ‘ಹೆದ್ರಿಕೆ ಅಲ್ಲ ಸಿಸ್ಟರ್. ನಾನು ನಾಟಕ ಆಡ್ತಿರ್ಲಿಲ್ಲ ಅಂತ ಗೊತ್ತಾಯ್ತಲ್ಲ, ಅದಕ್ಕೆ’ ಎಂದೆ ನೀನು.

ನಿನ್ನೆ ರಜೆ ಹಾಕಿ ಮತ್ತೆ ಆ ಆಸ್ಪತ್ರೆಗೆ ಹೋಗಿದ್ದೆ. ಬಸ್ಸು ನಿನ್ನ ಅಂಗಡಿಯ ಮುಂದೆಯೇ ಹಾದುಹೋಯಿತು. ನೀನು ಯಾವುದೋ ಅಜ್ಜನ ಮೂಗಿನ ಮೇಲೆ ಕನ್ನಡಕ ಕೂರಿಸುತ್ತಿದ್ದೆ. ಇಳಿಯಲು ಧೈರ್ಯ ಬರಲಿಲ್ಲ. ಡಾಕ್ಟರಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಅವತ್ತು ಬರೆದುಕೊಂಡಿದ್ದನ್ನು ಹೊಡೆದುಹಾಕಿ, ‘ಮೂರು ತಿಂಗ್ಳು ಮಾತ್ರೆ ನೋಡೋಣ. ನೋವು ಹಿಡಿತಕ್ಕೆ ಬರ್ದಿದ್ರೆ ಆಪರೇಷನ್ ಬಗ್ಗೆ ಮಾತಾಡೋಣ. ಆದ್ರೆ ಈ ವಿಷ್ಯ ಅವಳಿಗೆ ನೀವೇ ಹೇಳ್ಬೇಕು’ ಎಂದರು.

ಹೇಳಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ‘ಹೋಗ್ಲಿ ಬಿಡಮ್ಮ’ ಎನ್ನುತ್ತೀಯ. ಅಷ್ಟು ಸುಲಭವಾಗಿ ಬಿಡಬೇಡ. ಎಷ್ಟು ದಿನ ಬೇಕೋ ಅಷ್ಟು ದಿನ ಸಿಟ್ಟು ಮಾಡು. ಮುಂದಿನ ತಪಾಸಣೆಗೆ ನಾನು ಬರಬೇಕೋ ಬೇಡವೋ, ಅದೊಂದು ತಿಳಿಸು.

ನಿನ್ನ
ಅಮ್ಮ

ತಾ.ಕ.: ನಿನ್ನೆ ನಾನು ಹೊರಡಲು ಏಳುವಾಗ ಡಾಕ್ಟರಮ್ಮ ‘ನಿಮ್ಗೂ ಹೀಗೇ ಆಗ್ತಿತ್ತಾ?’ ಎಂದು ಕೇಳಿದರು. ‘ಮೂವತ್ತೊಂದು ವರ್ಷದಿಂದ’ ಎಂದೆ. ನಿಮ್ಮಪ್ಪನಿಗೂ ಹೇಳಿರಲಿಲ್ಲ. ಡಾಕ್ಟರಮ್ಮ ನನ್ನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ನನ್ನ ಹೆಸರಿಗೂ ಒಂದು ಸ್ಕ್ಯಾನ್ ಬರೆದುಕೊಟ್ಟರು. ಮಂಗಳವಾರ ಹೋಗುತ್ತೇನೆ.