ಆಯತಕ್ಕೆ ತಾವು ದಯಪಾಲಿಸಿದ ಎರಡು ಗೆರೆ

ಪರೀಕ್ಷಾ ಮಂಡಳಿಯ ಮಾನ್ಯ ನಿರ್ದೇಶಕರೇ,

ಆಯತಕ್ಕೆ ಎಷ್ಟು ಸಮಮಿತಿ ರೇಖೆಗಳು? ತಮ್ಮ ಮಂಡಳಿಯ ಕೀ ಉತ್ತರದ ಪ್ರಕಾರ ನಾಲ್ಕು. ಆರನೇ ತರಗತಿಯ ನನ್ನ ಮಗಳು ಕಳೆದ ಪರೀಕ್ಷೆಯಲ್ಲಿ ಎರಡು ಎಂದು ಬರೆದಳು, ಅದರ ಮೇಲೆ ಕೆಂಪು ಗೀಟು ಬಿತ್ತು. ಅವಳದು ಸರಿ, ತಮ್ಮದು ತಪ್ಪು. ನನ್ನ ದೂರು ಇಷ್ಟೇ. ತಮ್ಮ ಕಚೇರಿಯಲ್ಲಿ ಟೇಬಲ್ಲಿಂದ ಟೇಬಲ್ಲಿಗೆ ಅಲೆದು ಹೇಳಿ ಬಾಯಿ ಒಣಗಿದ್ದರಿಂದ ಈಗ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದೇನೆ.

ಒಂದು ಆಕಾರವನ್ನು ಗೆರೆಯ ಮೇಲೆ ಮಡಿಸಿದಾಗ ಒಂದು ಭಾಗ ಇನ್ನೊಂದರ ಮೇಲೆ ಸರಿಯಾಗಿ ಕೂತರೆ ಮಾತ್ರ ಅದು ಸಮಮಿತಿ ರೇಖೆ. ಇದು ತಮ್ಮದೇ ಪಠ್ಯಪುಸ್ತಕದ ಮಾತು. ಚೌಕಕ್ಕೆ ಅಂಥವು ನಾಲ್ಕು, ವೃತ್ತಕ್ಕೆ ಲೆಕ್ಕವೇ ಇಲ್ಲ. ಆಯತ ಪಾಪ, ಉದ್ದಕ್ಕೊಂದು ಅಡ್ಡಕ್ಕೊಂದು ಇಟ್ಟುಕೊಂಡು ತನ್ನ ಪಾಡಿಗೆ ತಾನಿತ್ತು. ಅದು ಅರ್ಜಿ ಹಾಕದಿದ್ದರೂ ಬಡ್ತಿ ಕೊಟ್ಟು ಚೌಕದ ದರ್ಜೆಗೆ ಏರಿಸಿದ್ದೀರಿ! ತಾವು ಹೊಸದಾಗಿ ಸೇರಿಸಿದ್ದು ಮೂಲೆಯಿಂದ ಮೂಲೆಗೆ ಎಳೆದ ಎರಡು ಕರ್ಣ. ಕರ್ಣ ಆಯತವನ್ನು ಎರಡು ಸಮ ತ್ರಿಕೋನ ಮಾಡುತ್ತದೆ, ಒಪ್ಪಿದೆ. ಆದರೆ ಪಾಲು ಸಮವಾದ ಮಾತ್ರಕ್ಕೆ ಹೊಂದಿಕೊಂಡು ಕೂರುತ್ತವೆಯೇ? ಆಸ್ತಿ ಪಾಲಾದ ಅಣ್ಣತಮ್ಮಂದಿರನ್ನು ತಾವು ನೋಡಿಯೇ ಇಲ್ಲವೇ?

ತಮ್ಮ ಪರ ವಾದಿಸಲು ನಮ್ಮ ಮನೆಯಲ್ಲೇ ಒಬ್ಬರಿದ್ದರು, ನನ್ನ ಯಜಮಾನರು. "ದೊಡ್ಡೋರು ಕೂತು ಬರ್ದಿರೋದು ಕಣೇ, ಸುಮ್ನೆ ಬರೀತಾರಾ?" ಎಂದರು. ಮಗಳು ಹೋಗಿ, ಒಗೆದು ಒಣಗಿದ್ದ ಬೆಡ್‌ಶೀಟ್ ತಂದು ನೆಲದ ಮೇಲೆ ಹಾಸಿದಳು. "ಅಪ್ಪಾ, ಆ ಮೂಲೆ ನೀನು ಒತ್ತಿ ಹಿಡ್ಕೋ, ಎದುರು ಮೂಲೆ ಅಮ್ಮ ಹಿಡ್ಕೊಳ್ಲಿ. ಮೂರನೇ ಮೂಲೆ ಎತ್ಕೊಂಡು ಹೋಗಿ ನಾಲ್ಕನೇದರ ಮೇಲೆ ಹಾಕ್ತೀನಿ." ಹಾಕಿದಳು. ಒಂದು ಮೂಲೆ ಬಾಗಿಲ ಕಡೆ, ಇನ್ನೊಂದು ಸೋಫಾ ಕಡೆ ಮುಖ ಮಾಡಿ ಮಲಗಿದವು. "ಬೆಡ್‌ಶೀಟ್ ಎಳ್ಕೊಂಬಿಟ್ಟಿದೆ" ಎಂದ ಯಜಮಾನರು ಟವೆಲ್ ತಂದರು, ಆಮೇಲೆ ದಿನಪತ್ರಿಕೆ. ಎಲ್ಲದರದ್ದೂ ಅದೇ ಹಾಡು. ಕೊನೆಗೆ ಜೇಬಿನಿಂದ ಕರವಸ್ತ್ರ ತೆಗೆದು ಮಡಿಸಿದರೆ, ಅಬ್ಬಾ, ಮೂಲೆಗೆ ಮೂಲೆ ಕೂತೇಬಿಟ್ಟಿತು! "ನೋಡಿದ್ರಾ!" ಎಂದು ಕುಣಿದಾಡಿದರು. ಮಗಳು ತಣ್ಣಗೆ, "ಅಪ್ಪಾ, ಅದು ಚೌಕ" ಎಂದಳು.

ಅಂದಿನಿಂದ ನನ್ನ ಯಜಮಾನರೂ ಎರಡರ ಪಕ್ಷ. ಇನ್ನು ಉಳಿದಿರುವುದು ತಾವೊಬ್ಬರೇ. ಮಗಳ ಟೀಚರ್ ಆಚೀಚೆ ನೋಡಿ, "ನಿಜವಾಗಿ ಎರಡೇ ಅಮ್ಮಾ, ಪರೀಕ್ಷೆಗೆ ಮಾತ್ರ ನಾಲ್ಕು" ಎಂದರು. ತಮ್ಮ ಕಚೇರಿಯ ಮೇಲ್ವಿಚಾರಕರಂತೂ ತಲೆಯನ್ನೇ ಎತ್ತಲಿಲ್ಲ. "ಪ್ರಿಂಟ್ ಆಗೋಗಿದೆ ಮೇಡಂ, ಈಗ ಏನ್ ಮಾಡಕ್ಕಾಗುತ್ತೆ?" ಎಂದರು. ಹಾಗಾದರೆ ಇನ್ನು ಆಯತವೇ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬೇಕೇ?

ಇಲ್ಲಿಯವರೆಗೆ ನಗುತ್ತಲೇ ಬರೆದೆ. ಬರುವ ಸೋಮವಾರ ವಾರ್ಷಿಕ ಪರೀಕ್ಷೆ, ಅದೇ ಪ್ರಶ್ನೆ ಬಂದೇ ಬರುತ್ತದಂತೆ. ನಿನ್ನೆ ಪೆನ್ಸಿಲ್ ಚೂಪು ಮಾಡುತ್ತ ಮಗಳು, "ಅಮ್ಮಾ, ನಾಲ್ಕು ಅಂತ್ಲೇ ಬರ್ದುಬಿಡ್ತೀನಿ, ಸುಮ್ನೆ ಯಾಕೆ ರಗಳೆ" ಎಂದಳು. ಯಾಕೆ, ಹೇಗೆ ಎಂದು ದಿನವಿಡೀ ತಲೆ ತಿನ್ನುವ ಹುಡುಗಿ ಅವಳು. "ಎರಡು ಅಂತ್ಲೇ ಬರಿ" ಎಂದೆ. "ಮಾರ್ಕ್ಸ್ ಹೋದ್ರೆ ಬೈಯಲ್ವಾ?" ಎಂದಳು. ಬೈಯಲ್ಲ ಎಂದೆ. ಅವಳು ನಂಬಿದ ಹಾಗೆ ಕಾಣಲಿಲ್ಲ.

ಆದ್ದರಿಂದ ಸೋಮವಾರದೊಳಗೆ ಕೀ ಉತ್ತರ ತಿದ್ದಿ ಎಲ್ಲ ಶಾಲೆಗಳಿಗೂ ಸುತ್ತೋಲೆ ಕಳಿಸಬೇಕೆಂದು ಒತ್ತಾಯಿಸುತ್ತೇನೆ. ಸಂಶಯವಿದ್ದರೆ ಆ ಸುತ್ತೋಲೆಯ ಹಾಳೆಯನ್ನೇ ಕರ್ಣದ ಮೇಲೆ ಒಮ್ಮೆ ಮಡಿಸಿ ನೋಡಿ, ಯಾರೂ ಬೇಡ ಎನ್ನುವುದಿಲ್ಲ. ತಾವು ತಿದ್ದದೆ, ಅವಳು ಎರಡು ಎಂದು ಬರೆದರೆ ಒಂದು ಅಂಕ ಹೋಗುತ್ತದೆ, ಹೋಗಲಿ. ಅವಳು ನಾಲ್ಕು ಎಂದು ಬರೆದುಬಂದರೆ ತಾವು ಪೂರ್ತಿ ಅಂಕ ಕೊಡುತ್ತೀರಿ. ನನಗಿರುವ ಹೆದರಿಕೆ ಅದೇ.

ಇಂತಿ,
ತಪ್ಪು ಉತ್ತರ ಬರೆ ಎಂದು ಮಗಳಿಗೆ ಹೇಳಿಕೊಡಲು ಬಾರದ,
ಒಬ್ಬ ಅಮ್ಮ