ಸುರುಳಿಕಲ್ಲಿಗೆ ಅಂಟಿದ ಮಣ್ಣು

ಸೋಮವಾರ

ಪ್ರೀತಿಯ ಅಕ್ಕಾ,

ಎಲ್ಲರೂ ಆರಾಮ ಎಂದು ಬರೆದು ಮುಂದೆ ಹೋಗೋಣವೆಂದುಕೊಂಡೆ, ಕೈ ಬರಲಿಲ್ಲ. ಅತ್ತೆ ಆರಾಮ. ಇವರೂ ಆರಾಮವೇ ಇರಬೇಕು. ನನಗೆ ಮಾತ್ರ ಒಂದು ಹೆದರಿಕೆ ಹತ್ತಿಕೊಂಡಿದೆ. ಅದಕ್ಕೆ ಕಾರಣ ಒಂದು ಕಲ್ಲು ಎಂದರೆ ನೀನು ನಗುತ್ತೀಯ. ಮ್ಯೂಸಿಯಮ್ಮಿನಲ್ಲಿ ಮನುಷ್ಯರಿಗಿಂತ ಕಲ್ಲುಗಳ ಜೊತೆಗೇ ಹೆಚ್ಚು ಮಾತಾಡುವವಳು ನೀನು.

ಹೋದ ವಾರ ಟೈಲರ್ ಅಂಗಡಿಯಿಂದ ಮನೆಗೆ ಬಂದಾಗ ಅಡುಗೆಮನೆ ಪಕ್ಕದ ಸಾಮಾನು ಕೋಣೆಯಲ್ಲಿ ಅದು ಗೋಡೆಗೆ ಒರಗಿತ್ತು. ಲಾರಿ ಟೈರಿನಷ್ಟು ದೊಡ್ಡದು, ಸುತ್ತಿ ಮಲಗಿದ ಹೆಬ್ಬಾವಿನ ಹಾಗೆ ಸುರುಳಿ ಸುರುಳಿ. ಮೈಮೇಲೆ ಎಲೆಯ ನರಗಳಂಥ ಗೆರೆಗಳು. ಎಲ್ಲಿಂದ ಬಂತು ಎಂದು ಕೇಳಿದೆ. ಕಲ್ಲುಕ್ವಾರಿಯ ಸ್ನೇಹಿತ ಕೊಟ್ಟ ಅಂದರು. ಯಾವ ಸ್ನೇಹಿತ ಅಂದರೆ, "ನಿಂಗೊತ್ತಿಲ್ಲ ಬಿಡು." ನನಗೆ ಗೊತ್ತಿಲ್ಲದ ಸ್ನೇಹಿತ ಇವರಿಗೆ ಎಲ್ಲಿಂದ ಬರಬೇಕು? ಇರುವವರೇ ಇಬ್ಬರು, ಇಬ್ಬರೂ ಬಸ್ ಡಿಪೋದ ಮೆಕ್ಯಾನಿಕ್ಕುಗಳು.

ಭುಜ ಕೊಟ್ಟು ತಳ್ಳಿ ನೋಡಿದೆ, ಕೂದಲೆಳೆಯಷ್ಟೂ ಅಲುಗಲಿಲ್ಲ. ಎದುರು ಮನೆಯ ಅಜ್ಜಿ ನಮ್ಮ ಮನೆಗೆ ನೊಣ ಹೊಕ್ಕರೂ ಗುರುತಿಡುವವರು. ಅವರೇ ಏನೂ ಬಂದದ್ದು ಕಾಣಲಿಲ್ಲ ಎನ್ನುತ್ತಾರೆ. ಹಾಗಾದರೆ ಅದು ಒಳಗೆ ಬಂದದ್ದು ಹೇಗೆ? ಎಲ್ಲಿಂದಲೋ ಕದ್ದು ತಂದದ್ದೇನೋ ಎಂಬ ಗುಮಾನಿ ನನಗೆ. ಇವರು ಕೆಲಸ ಮಾಡುತ್ತಿದ್ದ ಡಿಪೋಗೆ ಬೀಗ ಬಿದ್ದಾಗಿನಿಂದ ಮನೆಯಲ್ಲೇ ಇದ್ದಾರೆ. ಅತ್ತೆಯ ಪಕ್ಕ ರೇಡಿಯೋ ಜೋರಾಗಿ ಇಟ್ಟು ಗಡಿಯ ಸುದ್ದಿ ಕೇಳುತ್ತಾರೆ. ಮಾತು ಕಡಿಮೆ. ಉಗುರಿನಲ್ಲಿ ಏನೋ ನೀಲಿ ಕೊಳೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮನೆಯೂ ಹಠ ಹಿಡಿದಿದೆ. ಅಡುಗೆಮನೆ ಬಾಗಿಲು ಎರಡು ಸಲ ಕೀಸಿದರೂ ಮುಚ್ಚಿಕೊಳ್ಳುತ್ತಿಲ್ಲ. ನೆಲಕ್ಕೆ ಬಿದ್ದ ಅಂಗಿಯ ಗುಂಡಿ ತಾನಾಗಿ ಉರುಳಿಕೊಂಡು ಸಾಮಾನು ಕೋಣೆಯ ಹೊಸಲಿಗೆ ಹೋಗಿ ನಿಲ್ಲುತ್ತದೆ. ಹಳೇ ಮನೆ ಹಾಗೇನೇ ಎನ್ನುತ್ತಾರೆ ಇವರು.

ಕಲ್ಲಿನ ಫೋಟೋ ಇಟ್ಟಿದ್ದೇನೆ. ಸುರುಳಿಯ ಸಂದಿಯಲ್ಲಿದ್ದ ಮಣ್ಣನ್ನೂ ಕೆರೆದು ಡಬ್ಬಿಯಲ್ಲಿ ಹಾಕಿದ್ದೇನೆ. ಇದು ಏನು, ಯಾರದು, ಎಲ್ಲಿಯದು, ಬೇಗ ತಿಳಿಸು.

ನಿನ್ನ
ಪುಟ್ಟಿ

ಗುರುವಾರ

ಪುಟ್ಟೀ,

ಇದನ್ನು ಮನೆಯಲ್ಲಿ ಓದಬೇಡ. ಅದಕ್ಕೇ ಮ್ಯೂಸಿಯಮ್ಮಿನ ವ್ಯಾನಿನ ಡ್ರೈವರ್ ಕೈಯಲ್ಲಿ ನಿನ್ನ ಅಂಗಡಿಗೇ ಕಳಿಸುತ್ತಿದ್ದೇನೆ. ಅಂಗಡಿಗೆ ಫೋನಿಲ್ಲವಲ್ಲ, ಬೆಳಿಗ್ಗೆ ಮನೆಗೆ ಮಾಡಿದ್ದೆ. ನಿಮ್ಮವರೇ ಎತ್ತಿದರು. ನೀನು ಕೆಲಸಕ್ಕೆ ಹೋಗಿದ್ದೀಯ, ಎಲ್ಲ ಚೆನ್ನಾಗಿದೆ ಅಂದರು. ಅವರಿಗೆ ಏದುಸಿರು ಬರುತ್ತಿತ್ತು. ನನ್ನ ಮುರಿದ ಕಾಲಿಗೆ ಪ್ಲಾಸ್ಟರ್ ಇಲ್ಲದಿದ್ದರೆ ನಾನೇ ವ್ಯಾನು ಹತ್ತುತ್ತಿದ್ದೆ.

ಮೊದಲು ಕಲ್ಲಿನ ವಿಷಯ. ಅದು ಅಮ್ಮೊನೈಟ್. ಸುರುಳಿ ಚಿಪ್ಪಿನೊಳಗೆ ಬದುಕುತ್ತಿದ್ದ ಕಡಲಪ್ರಾಣಿ, ಮನುಷ್ಯ ಹುಟ್ಟುವುದಕ್ಕೆ ಕೋಟಿಗಟ್ಟಲೆ ವರ್ಷ ಮೊದಲೇ ಅಳಿದುಹೋಯಿತು. ಚಿಪ್ಪು ಕಲ್ಲಾಗಿ ಉಳಿದಿದೆ. ಎಲೆಯ ನರಗಳಂಥ ಗೆರೆಗಳು ಅದರ ಒಳಗೋಡೆಗಳ ಗುರುತು. ಅಷ್ಟು ದೊಡ್ಡದು ಅಪರೂಪ. ಕದ್ದದ್ದಲ್ಲ ಪುಟ್ಟೀ. ಕದ್ದದ್ದಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಫೋಟೋ ನೋಡಿ ಬೆಟ್ಟದ ಕ್ವಾರಿಯದು ಅಂದುಕೊಂಡೆ. ಆದರೆ ಕ್ವಾರಿಯ ಕಲ್ಲಿಗೆ ಹಳದಿ ಸುಣ್ಣದ ಪುಡಿ ಅಂಟಿರುತ್ತದೆ. ನಿನ್ನ ಡಬ್ಬಿಯಲ್ಲಿದ್ದದ್ದು ನೀಲಿ ಜೇಡಿ, ಇನ್ನೂ ಹಸಿ ಆರಿರಲಿಲ್ಲ. ನೀರಿನಲ್ಲಿ ಕದಡಿ, ಜರಡಿ ಹಿಡಿದು, ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸಾಸಿವೆಗಿಂತ ಸಣ್ಣ ಚಿಪ್ಪುಗಳಿದ್ದವು. ಹಿಂದೆ ನೀರಿನ ಟ್ಯಾಂಕಿಗೆಂದು ನಿಮ್ಮ ಬೀದಿಯ ತುದಿಯಲ್ಲಿ ನೆಲ ಕೊರೆದಿದ್ದರಲ್ಲ, ಆ ಮಣ್ಣಿನ ಮಾದರಿ ನಮ್ಮಲ್ಲಿದೆ. ತೆಗೆದು ಪಕ್ಕದಲ್ಲಿಟ್ಟೆ. ಅವೇ ಚಿಪ್ಪುಗಳು. ಅಂಥ ಜೇಡಿ ಬೇರೆ ಕಡೆಯೂ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಅದರಲ್ಲಿ ಇಟ್ಟಿಗೆಯ ಚೂರಿತ್ತು, ಹಳೇ ಗಾರೆಯಿತ್ತು. ಯಾವುದೋ ಮನೆಯ ಪಾಯದ್ದು. ಬಾಗಿಲು ಮುಚ್ಚುತ್ತಿಲ್ಲ, ಗುಂಡಿ ಉರುಳುತ್ತದೆ ಎಂದು ನೀನೇ ಬರೆದಿದ್ದೀಯಲ್ಲ.

ಆ ಕಲ್ಲು ಬೀದಿಯಿಂದ ಒಳಗೆ ಬಂದದ್ದಲ್ಲ, ನಿಮ್ಮ ನೆಲದ ಕೆಳಗಿನಿಂದ ಮೇಲೆ ಬಂದದ್ದು. ನಿಮ್ಮವರು ಮನೆಯ ಅಡಿಯನ್ನೇ ಅಗೆಯುತ್ತಿದ್ದಾರೆ. ಯಾಕೆಂದು ನನಗೆ ಗೊತ್ತಿಲ್ಲ. ಆ ಜೇಡಿಗೆ ನಂಬಿಕೆಯಿಲ್ಲ. ನೀರು ಕುಡಿದು ಉಬ್ಬುತ್ತದೆ, ಬಗೆದ ಕಡೆ ಸೋಪಿನ ಹಾಗೆ ಜಾರುತ್ತದೆ. ಅತ್ತೆಯವರನ್ನು ಕರೆದುಕೊಂಡು ಇವತ್ತೇ ಹೊರಗೆ ಬಾ. ಬಟ್ಟೆಬರೆ ಎಂದು ಕೂರಬೇಡ. ನಿಮ್ಮವರೊಡನೆ ವಾದಕ್ಕೂ ನಿಲ್ಲಬೇಡ.

ಅಕ್ಕ

ಭಾನುವಾರ

ಅಕ್ಕಾ,

ಬದುಕಿದ್ದೇವೆ. ಮೂವರೂ. ಅದನ್ನು ಮೊದಲು ಹೇಳಿಬಿಡುತ್ತೇನೆ, ನೀನು ಉಸಿರು ಬಿಡು.

ನಿನ್ನ ಪತ್ರ ಓದಿ ತಲೆನೋವೆಂದು ಹೇಳಿ ಅಂಗಡಿಯಿಂದ ಹೊರಟೆ. ಓಡಲಿಲ್ಲ. ಓಡಿದರೆ ನೀನು ಬರೆದದ್ದು ನಿಜವಾಗಿಬಿಡುತ್ತದೆ ಅನ್ನಿಸಿತು. ಮನೆಯಲ್ಲಿ ರೇಡಿಯೋ ಅರಚುತ್ತಿತ್ತು. ಅದೇಕೆ ಅಷ್ಟು ಜೋರು ಎಂಬುದು ಆಗ ಹೊಳೆಯಿತು. ಸಾಮಾನು ಕೋಣೆಯಲ್ಲಿ ಅಕ್ಕಿ ಡ್ರಮ್ಮು ಪಕ್ಕಕ್ಕೆ ಸರಿದಿತ್ತು, ಚಾಪೆ ಸುತ್ತಿಟ್ಟಿತ್ತು, ಅದರಡಿಯ ಹಲಗೆಗಳು ತೆರೆದಿದ್ದವು. ತೊಲೆಗೆ ಡಿಪೋದ ಚೈನ್ ಪುಲ್ಲಿ ನೇತುಹಾಕಿದ್ದರು. ಕಲ್ಲನ್ನು ಒಬ್ಬರೇ ಎತ್ತಿದ್ದು ಅದರಿಂದಲೇ. ಅಗೆದ ಮಣ್ಣನ್ನು ಹಿತ್ತಲಿನ ಪಾಳುಬಾವಿಗೆ ಸುರಿಯುತ್ತಿದ್ದೆ ಎಂದು ಆಮೇಲೆ ಹೇಳಿದರು.

ಕೆಳಗೆ ಬಲ್ಬು ಉರಿಯುತ್ತಿತ್ತು. ಇವರು ಗೋಡೆ ಕೆರೆಯುತ್ತಿದ್ದರು. ನನ್ನನ್ನು ಕಂಡು ಬೆಚ್ಚಲಿಲ್ಲ, ಬಂದೆಯಾ ಎಂಬಂತೆ ನೋಡಿದರು.

"ಇನ್ನೆರಡು ಅಡಿ ಅಷ್ಟೆ ಕಣೇ. ಆಮೇಲೆ ಮೂರು ಜನ ಕಾಲು ಚಾಚಿ ಮಲಗ್ಬಹುದು."

ಅಕ್ಕಾ, ಅದು ಬಾಂಬು ಬಿದ್ದರೆ ಅವಿತುಕೊಳ್ಳಲು ಮಾಡುತ್ತಿದ್ದ ಜಾಗ. ಇಲ್ಲಿ ಅಮ್ಮ, ಇಲ್ಲಿ ನೀರಿನ ಕ್ಯಾನು, ಇಲ್ಲಿ ನೀನು ಎಂದು ಬೆರಳು ಮಾಡಿ ತೋರಿಸಿದರು. ನನಗೆ ಥಂಡಿ ಆಗುವುದಿಲ್ಲವೆಂದು ನನ್ನ ಕಡೆಯ ಗೋಡೆಗೆ ಹಲಗೆ ಹೊಡೆದಿದ್ದರು. ಮಿಕ್ಕ ಗೋಡೆಗಳು ಬೆವರುತ್ತಿದ್ದವು. ನಾನು ನೋಡುತ್ತಿದ್ದಂತೆಯೇ ಒಂದು ಹೆಂಟೆ ಕಳಚಿ ಕೆಳಗಿನ ನೀರಿಗೆ ಬಿತ್ತು.

ನೀನು ಬರೆದದ್ದೆಲ್ಲ ಹೇಳಿದೆ. ಇವರು ಕೇಳಿಸಿಕೊಂಡರು, ಆಮೇಲೆ ಮತ್ತೆ ಪಿಕಾಸಿ ಎತ್ತಿಕೊಂಡು, "ನಿಮ್ಮಕ್ಕ ಕಲ್ಲು ನೋಡಿದಾರೆ, ಯುದ್ಧ ನೋಡಿಲ್ಲ" ಅಂದರು.

ಇವರು ನೋಡಿದ್ದಾರೆ, ಮೂರನೇ ಕ್ಲಾಸಿನಲ್ಲಿದ್ದಾಗ. ಅಷ್ಟು ಮಾತ್ರ ನನಗೆ ಗೊತ್ತು, ಆಗ ಏನಾಯಿತೆಂದು ಇವರು ಯಾವತ್ತೂ ಬಾಯಿ ಬಿಟ್ಟವರಲ್ಲ, ಅತ್ತೆಯೂ ಬಿಟ್ಟವರಲ್ಲ. "ನೀವು ಮೇಲೆ ಬರದಿದ್ರೆ ನಾನೇ ಕೆಳಗೆ ಬರ್ತೀನಿ" ಎಂದು ಏಣಿಯ ಮೇಲೆ ಕಾಲಿಟ್ಟೆ. ಆಗ ಇವರ ಮುಖ ನೋಡಬೇಕಿತ್ತು ನೀನು. ನನಗೋಸ್ಕರ ತೋಡಿದ ಜಾಗ, ಆದರೂ ನಾನು ಅದಕ್ಕೆ ಇಳಿಯುವುದು ಕಂಡು ಬಿಳಿಚಿಕೊಂಡರು. "ಬೇಡ, ಬೇಡ, ಅಲ್ಲೇ ಇರು" ಎನ್ನುತ್ತ ಹತ್ತಿ ಬಂದರು. ಅರ್ಧ ಏಣಿಯಲ್ಲಿದ್ದಾಗ ತಲೆಯ ಮೇಲಿನ ತೊಲೆ ಹೊಸ ಬಟ್ಟೆ ಹರಿದ ಹಾಗೆ ಸದ್ದು ಮಾಡಿತು. ನಡೆಯಲಾಗದ ಅತ್ತೆಯನ್ನು ಕುರ್ಚಿ ಸಮೇತ ಎತ್ತಿಕೊಂಡು ಬೀದಿಗೆ ಬಂದೆವು. ಅವರು, "ಅಯ್ಯೋ, ನನ್ನ ಕನ್ನಡಕ ಕಣೇ" ಎನ್ನುತ್ತಲೇ ಇದ್ದರು. ಇವರು ತರಲು ಹೊರಟರು. ನಾನು ಅಂಗಿ ಹಿಡಿದುಕೊಂಡೆ, ಹರಿಯಿತು, ಆದರೂ ಬಿಡಲಿಲ್ಲ.

ಆವತ್ತು ಮನೆ ಬೀಳಲಿಲ್ಲ. ಎದುರು ಮನೆಯ ಅಜ್ಜಿ ನಮ್ಮನ್ನು ಒಳಗೆ ಕರೆದುಕೊಂಡರು. ಅವರ ಕಿಟಕಿಯಲ್ಲಿ ಕೂತು ನಾವೇ ನಮ್ಮ ಮನೆಗೆ ಕಾವಲಿದ್ದೆವು. "ನಿಂತೇ ಇದೆ ನೋಡು" ಅಂದರು ಇವರು. ಮರುದಿನ ಮಧ್ಯಾಹ್ನ, ಮುನಿಸಿಪಾಲಿಟಿಯ ಇಂಜಿನಿಯರು ಬಂದು ಅಕ್ಕಪಕ್ಕದವರನ್ನು ಹೊರಗೆ ಕಳಿಸುತ್ತಿದ್ದಾಗ, ಹಿಂಭಾಗವೆಲ್ಲ ದಣಿದ ಎಮ್ಮೆ ಮಂಡಿಯೂರಿದ ಹಾಗೆ ಮೆಲ್ಲಗೆ ಕೂತುಬಿಟ್ಟಿತು. ನಿನ್ನ ಅಮ್ಮೊನೈಟೂ ಕೆಳಗೆ ಹೋಯಿತು. ಇವರೇ ಇಂಜಿನಿಯರ ಮುಂದೆ ಹೋಗಿ ನಿಂತು, ತೋಡಿದ್ದು ನಾನೇ ಸಾರ್, ಅಂದರು. ಗುಂಡಿಗೆ ಮರಳು ತುಂಬಿಸಿ ಮುಚ್ಚಿದ್ದಾರೆ.

ಈಗ ನಾಲ್ಕನೇ ಮಹಡಿಯಲ್ಲಿ ಒಂದು ಬಾಡಿಗೆ ಕೋಣೆ. ಇವರು ಬೈಸಿಕೊಳ್ಳಲು ಕಾದವರಂತೆ ಗೋಡೆಗೊರಗಿ ಕೂತಿರುತ್ತಾರೆ. ನನಗೆ ಬೈಯಲು ಆಗುತ್ತಿಲ್ಲ. ನೀನು ಬಂದಾಗ ನೀನೂ ಬೈಯಬೇಡ.

ನಿನ್ನಿಂದ ಉಳಿದ
ಪುಟ್ಟಿ

ಮರೆತದ್ದು: ನಿನ್ನೆ ಸಂಜೆ ಇಲ್ಲಿನ ಶಾಲೆಯ ಮಾಳಿಗೆಯಿಂದ ಬಾಂಬು ದಾಳಿಯ ಸೈರನ್ ಕೂಗಿತು. ಬರೀ ಪರೀಕ್ಷೆಗೆಂದು ಆಮೇಲೆ ತಿಳಿಯಿತು. ಇವರು ಕೂತಲ್ಲಿಂದ ಅಲುಗಲಿಲ್ಲ. ನಾನು ಮಾತ್ರ ಅತ್ತೆಯ ಕುರ್ಚಿಯನ್ನು ಮೆಟ್ಟಿಲಿನವರೆಗೆ ಎಳೆದುಕೊಂಡು ಹೋಗಿದ್ದೆ. ಎಲ್ಲಿಗೆಂದು ಗೊತ್ತಿರಲಿಲ್ಲ. ಹಲಗೆ ಹೊಡೆದ ಆ ಗೋಡೆ ಕಣ್ಣ ಮುಂದೆ ಬಂತು. ಆ ಗುಂಡಿಯನ್ನು ಮುಚ್ಚಿದರಲ್ಲ ಎಂದು ಅಳು ಬಂತು ಅಕ್ಕಾ. ಇವರಿಗೆ ಇದನ್ನು ಹೇಳಬೇಡ.