ಕ್ಷೌರ ಮಾಡಿಸಿಕೊಂಡವರಿಗೆ ಕೊಠಡಿ ಇಲ್ಲ

ನಗರ ವಸತಿ ಇಲಾಖೆಯ ಮಾನ್ಯ ಅಧಿಕಾರಿಗಳೇ,

ಸೇತುವೆಯ ಕೆಳಗೆ ಮಲಗುವ ಐವರು ಮಾಜಿ ಸೈನಿಕರಿಗೆ ನಿಮ್ಮ ವಸತಿಗೃಹದಲ್ಲಿ ಜಾಗ ಕೊಡಲು ಬರುವುದಿಲ್ಲವೆಂದು ನಮಗೆ ಬರೆದಿದ್ದೀರಿ. ಕಾರಣ: 'ಸ್ಥಳದಲ್ಲಿ ಕಂಡವರು ವಸತಿರಹಿತರಂತೆ ತೋರುವುದಿಲ್ಲ.' ಸ್ವಾಮಿ, ಮನೆಯಿಲ್ಲದವರು ಹೇಗೆ ತೋರಬೇಕು? ಒಂದು ಮಾದರಿ ಚಿತ್ರವನ್ನಾದರೂ ಕಚೇರಿಯ ಬಾಗಿಲಿಗೆ ಅಂಟಿಸಿದ್ದರೆ, ಅದನ್ನು ನೋಡಿಕೊಂಡು ಅವರ ತಲೆ ಕೆದರಿ, ಅಂಗಿ ಹರಿದು ಸಿದ್ಧಪಡಿಸುತ್ತಿದ್ದೆವು.

ನಾನು ಆ ಸೇತುವೆಯ ಪಕ್ಕದಲ್ಲಿ ಲಾಂಡ್ರಿ ಇಟ್ಟಿರುವವಳು. ನಾನು, ನನ್ನ ನಾದಿನಿ, ಎದುರಿನ ಕ್ಷೌರದಂಗಡಿಯವರು ಸೇರಿ ಭಾನುವಾರಗಳಂದು ಇವರ ಬಟ್ಟೆ ಒಗೆದು, ಊಟ ಕೊಟ್ಟು, ಬೇಕಾದಾಗ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಇದು ಯಾರೂ ನಮಗೆ ವಹಿಸಿದ ಕೆಲಸವಲ್ಲ. ವಹಿಸಿಕೊಂಡವರು ಮಾಡಿದ್ದರೆ ನಮಗೂ ವಾರಕ್ಕೊಂದು ರಜೆ ಸಿಗುತ್ತಿತ್ತು. ಐವರಲ್ಲಿ ಹಿರಿಯರನ್ನು ನಾವೆಲ್ಲ ಅಣ್ಣಯ್ಯ ಎನ್ನುತ್ತೇವೆ. ಅವರ ಶ್ವಾಸಕೋಶ ಕೆಟ್ಟಿದೆ. ಇನ್ನೊಂದು ಚಳಿಗಾಲ ಹೊರಗೆ ಮಲಗಿದರೆ ಉಳಿಯುವುದಿಲ್ಲವೆಂದು ವೈದ್ಯರು ಮುಖಕ್ಕೆ ಹೊಡೆದಂತೆ ಹೇಳಿದ್ದಾರೆ.

ನಿಮ್ಮವರು ತಪಾಸಣೆಗೆ ಬರುತ್ತಾರೆ ಎಂದದ್ದೇ ತಡ, ಅಣ್ಣಯ್ಯನವರ ಬೆನ್ನು ನೆಟ್ಟಗಾಯಿತು. ಸೈನ್ಯದಲ್ಲಿ ಆಯುಷ್ಯ ಸವೆಸಿದವರಿಗೆ ತಪಾಸಣೆ ಎಂದರೆ ಒಂದೇ ಅರ್ಥ. ಐವರೂ ನೆಲ ಗುಡಿಸಿದರು, ಬೂಟಿಗೆ ಪಾಲಿಶ್ ಹಚ್ಚಿದರು, ಕಂಬಳಿಗಳನ್ನು ಅಳತೆ ಹಿಡಿದಂತೆ ಮಡಿಸಿಟ್ಟರು, ನುಣ್ಣಗೆ ಕ್ಷೌರ ಮಾಡಿಸಿಕೊಂಡು ಸಾಲಾಗಿ ನಿಂತರು. "ಇಷ್ಟೆಲ್ಲ ಯಾಕಣ್ಣಯ್ಯ, ಇರೋ ಹಾಗೇ ಇರಿ" ಎಂದು ನಾದಿನಿ ಗೋಗರೆದಳು. "ಸಾಹೇಬ್ರ ಮುಂದೆ ಗಡ್ಡ ಬಿಟ್ಕೊಂಡು ನಿಲ್ಲೋದಾ? ನಾಚಿಕೆ ಆಗಲ್ವೇನಮ್ಮ?" ಎಂದು ಅವಳನ್ನೇ ಗದರಿಸಿದರು. ನಿಮ್ಮ ತಪಾಸಕರು ಕಾರಿನಿಂದ ಒಂದು ಕಾಲು ಕೆಳಗಿಟ್ಟರು. "ಇವರಿಗೇನ್ರೀ ಕಷ್ಟ? ಮದುವೆಗೆ ಹೊರಟ ಹಾಗಿದಾರೆ" ಎಂದು ಆ ಕಾಲನ್ನೂ ಒಳಗೆಳೆದುಕೊಂಡು ಹೊರಟುಹೋದರು. ರಾತ್ರಿ ಎಲ್ಲಿ ಮಲಗುತ್ತೀರಿ ಎಂದು ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ನನಗೆ ಮೈಯೆಲ್ಲ ಉರಿಯುತ್ತಿದೆ. ಸೈನಿಕರ ಶಿಸ್ತನ್ನು ಹೊಗಳಿ ಭಾಷಣ ಮಾಡುವವರೂ ನೀವೇ, ಆ ಶಿಸ್ತಿಗೆ ಶಿಕ್ಷೆ ಕೊಡುವವರೂ ನೀವೇ. ನಿಮ್ಮ ವಸತಿಗೃಹದ ಹಿಂಬದಿಯ ಕೊಠಡಿಗಳಿಗೆ ಬೀಗ ಬಿದ್ದಿರುವುದನ್ನು ನಾನೇ ಹೋಗಿ ನೋಡಿ ಬಂದಿದ್ದೇನೆ. ಕಿಟಕಿಯಿಂದ ಇಣುಕಿದರೆ ಖಾಲಿ ಮಂಚಗಳು ಕಾಣುತ್ತವೆ. ಅವು ಯಾರಿಗಾಗಿ ಕಾಯುತ್ತಿವೆಯೋ ನನಗಂತೂ ತಿಳಿಯಲಿಲ್ಲ.

ನಿಮ್ಮ ಉತ್ತರ ಬಂದಿರುವ ಸಂಗತಿ ಅಣ್ಣಯ್ಯನವರಿಗೆ ಇನ್ನೂ ಗೊತ್ತಿಲ್ಲ. ಅಂದು ಸಾಹೇಬರು ಒಂದು ತಪ್ಪನ್ನೂ ಎತ್ತಿ ತೋರಿಸದೆ ಹೋದರೆಂದು ಅವರಿಗೆ ಖುಷಿಯೋ ಖುಷಿ. "ಪಾಸಾದ್ವಿ ಕಣಮ್ಮ, ಇನ್ನೇನು ಕರೀತಾರೆ" ಎಂದು ಚೀಲ ಕಟ್ಟಿಟ್ಟುಕೊಂಡು, ಕೆಮ್ಮುತ್ತ, ರಸ್ತೆಯ ಕಡೆ ಮುಖ ಮಾಡಿ ಕೂತಿದ್ದಾರೆ. ಚಳಿ ಆಗಲೇ ಶುರುವಾಗಿದೆ. ಆ ಬೀಗ ತೆಗೆಸಿ. ತೆಗೆಸುವುದಿಲ್ಲವಾದರೆ ನೀವೇ ಬಂದು, ಫೇಲಾದಿರಿ ಎಂದು ಅವರಿಗೆ ಹೇಳಿ. ಸೆಲ್ಯೂಟ್ ಹೊಡೆದೇ ಕೇಳಿಸಿಕೊಳ್ಳುತ್ತಾರೆ.

ಇಂತಿ,
"ಇನ್ನೆರಡು ದಿನ ನೋಡೋಣ ಅಣ್ಣಯ್ಯ" ಎಂದು ದಿನವೂ ಸುಳ್ಳು ಹೇಳುತ್ತಿರುವ
ಲಾಂಡ್ರಿಯವಳು